ಕಾಲುಚೀಲದಲ್ಲಿ ಹಳೆಯ ಜಲ್ಲಿ

ಪಿಯಾನೋ ಹೊತ್ತಿದ್ದೇವೆ, ತಿಜೋರಿ ಹೊತ್ತಿದ್ದೇವೆ,
ಒಮ್ಮೆ ಇದೇ ಒಸ್ತ್ರಾವಾದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯನ್ನು
ಮೂರು ಮಹಡಿ ಇಳಿಸಿದ್ದೇವೆ.
ಈ ಗಾಜಿನ ಪೆಟ್ಟಿಗೆ ಏನು ಮಹಾ ಅಂದ ರಾದೆಕ್,
ಅಂಗೈ ಉಜ್ಜಿಕೊಳ್ಳುತ್ತ.

ಮುಟ್ಟಬೇಡ, ಅಂದಳು ವ್ಲಾಸ್ತಾ.
ಎಪ್ಪತ್ತರ ಹತ್ತಿರದ ಹೆಂಗಸು.
ಒಂದು ಕಾಲಿಗೆ ಮಾತ್ರ ಕಾಲುಚೀಲ.
ನೀರಿದ್ದ ತೊಟ್ಟಿ ಎತ್ತಿದರೆ ಮೂಲೆಯ ಅಂಟು ಬಿಡುತ್ತದೆ.
ಇವತ್ತಲ್ಲ. ಹದಿನೈದು ದಿನ ಬಿಟ್ಟು,
ನೀವು ದುಡ್ಡು ಎಣಿಸಿಕೊಂಡು ಹೋದಮೇಲೆ,
ನಡುರಾತ್ರಿ.

ಒಂಬತ್ತನೇ ಮಹಡಿ. ಲಿಫ್ಟು ಕೆಟ್ಟಿತ್ತು.
ಗೋಡೆಗುಂಟ ಏಳು ಬಕೆಟ್ಟು,
ಒಂದೂ ಸೋಪು ಕಂಡಿದ್ದಲ್ಲ.
ಮೊದಲು ಮೇಲಿನ ತಿಳಿನೀರು, ಕೊಳವೆಯಲ್ಲಿ.
ಆಮೇಲೆ ಗಿಡ, ಬೇರಿನ ಕೊರಡು.
ನೀರು ಗೇಣುದ್ದ ಉಳಿದಾಗ ಮೀನು.
ಜಲ್ಲಿ ಕೊನೆಗೆ; ಮೀನಿರುವಾಗ ಅದನ್ನು ಕೆದಕಿದರೆ
ತಳದ ವಿಷವೆಲ್ಲ ಮೇಲೆದ್ದೀತು.

ಫಿಲ್ಟರಿನ ಸ್ಪಂಜು ಸಾರಿನ ಪಾತ್ರೆಯಲ್ಲಿ ಮುಳುಗಿತ್ತು.
ಕೊಳಕಾಗಿದೆ ಅಂತ ರಾದೆಕ್ ನಲ್ಲಿಗೆ ಹಿಡಿಯಲು ಹೋದ,
ಕೈಮೇಲೆ ಏಟು ಬಿತ್ತು.
ಅದು ಕೊಳೆಯಲ್ಲಪ್ಪ, ಸಂಸಾರ.
ಕಣ್ಣಿಗೆ ಕಾಣದಷ್ಟು ಸಣ್ಣ ಜೀವ, ಲಕ್ಷಗಟ್ಟಲೆ,
ಇವರ ಹೇಲು ತಿಂದು ನೀರು ಕಾಯುತ್ತವೆ.
ಒಣಗಿದರೆ ಸತ್ತವು. ನಲ್ಲಿಯ ಕ್ಲೋರಿನ್ ತಾಗಿದರೂ ಸತ್ತವು.

ಜಲ್ಲಿ ಯಾಕೆ ಬದಲಿಸುತ್ತೀರಿ? ಕೇಳಿದೆ.
ಬಕೆಟ್ಟಿಗೆ ಟಾರ್ಚು ಹಿಡಿದು ತೋರಿಸಿದಳು:
ತಳದಲ್ಲಿ ಮೂಗಾಡಿಸಿ ಬದುಕುವ ಹನ್ನೊಂದು ಮೀಸೆಮೀನು,
ಮೀಸೆಯೇ ಇಲ್ಲ, ಮೊಂಡು.
ಕರಿಕಲ್ಲಿನ ಚೂರು, ಗಾಜಿನಷ್ಟು ಹರಿತ.
ನನ್ನ ಓಲ್ದಾ ಕ್ವಾರಿಯಿಂದ ಜೇಬಿನಲ್ಲಿ ತಂದದ್ದು,
ಹತ್ತೊಂಬತ್ತು ವರ್ಷದ ಹಿಂದೆ.
ಬಿಟ್ಟಿ ಸಿಕ್ಕಿತು ಅಂತ.

ಸಲಿಕೆ ಹಾಕಿದೆವು. ಕೊಳೆತ ಮೊಟ್ಟೆಯ ನಾತ.
ಕಿಟಕಿ ತೆರೆದಳು, ಮೂಗು ಮುಚ್ಚಲಿಲ್ಲ.
ಮೂರನೇ ಸಲಿಕೆಗೆ ಟಣ್ ಎಂದಿತು.
ಒರೆಸಿದೆ. ಪಾಚಿಹಸಿರು, ಅದರಡಿ ಹಿತ್ತಾಳೆ,
ಅದರ ಮೇಲೆ ಅಂಕಿ: 2117.

ಗಣಿಯ ಬಿಲ್ಲೆ, ಅಂದಳು.
ಕೆಳಗಿಳಿಯುವವ ಕತ್ತಿಗೆ ಹಾಕಿಕೊಳ್ಳಬೇಕು,
ಮೇಲೆ ಬಂದವ ಹಲಗೆಗೆ ನೇತುಹಾಕಬೇಕು.
ಮೊಳೆ ಖಾಲಿಯಿದ್ದರೆ ಇನ್ನೂ ಕೆಳಗಿದ್ದಾನೆ ಅಂತ.
ಕೊನೆಯ ಪಾಳಿಯ ದಿನ ಕಳೆದುಹೋಯಿತು ಅಂದಿದ್ದ,
ದಂಡ ಕಟ್ಟಿದ್ದೆವು.

ಬಿಲ್ಲೆಯನ್ನು ತಿರುಗಿಸಿ, ತಿರುಗಿಸಿ ನೋಡಿದಳು.
ಆಮೇಲೆ ನಗು ಬಂತು, ಎದೆ ಹಿಡಿದುಕೊಳ್ಳುವಷ್ಟು.
ಬಸವನಹುಳು! ಎಷ್ಟು ತಂದೆ!
ಒಂದೂ ತಿಂಗಳು ಬಾಳಲಿಲ್ಲ.
ಅಂಗಡಿಯವನ ಜೊತೆ ಬೀದಿಜಗಳ ಆಡಿದೆ,
ಈ ಮನುಷ್ಯ ಪಕ್ಕದಲ್ಲೇ ನಿಂತು ತಲೆ ಆಡಿಸುತ್ತಿದ್ದ.
ಹಿತ್ತಾಳೆ ಅಂದರೆ ಅರ್ಧ ತಾಮ್ರವೇ ಕಣೋ, ದಡ್ಡ,
ತಾಮ್ರ ಅವಕ್ಕೆ ವಿಷ ಕಣೋ,
ಅಂದಳು, ಖಾಲಿ ತೊಟ್ಟಿಯೊಳಕ್ಕೆ ಬಗ್ಗಿ.
ರಾದೆಕ್ ನನ್ನ ಮುಖ ನೋಡಿದ. ನಾನು ಬಕೆಟ್ಟು ನೋಡಿದೆ.

ಹೊಸ ಮನೆ ಎರಡನೇ ಮಹಡಿ, ಟ್ರಾಮಿನ ಕೊನೆಯ ಸ್ಟಾಪು.
ಮಟ್ಟಗೋಲು ಇಟ್ಟು ನೋಡಿ, ಹೂರಣದಂಥ ನಯಮರಳು
ತೊಳೆದು, ತೊಳೆದು, ತೊಳೆದು ಹಾಸಿದೆವು.
ಆಗ ಆ ಇನ್ನೊಂದು ಕಾಲುಚೀಲ ಹೊರಬಂತು,
ಹಳೆಯ ಜಲ್ಲಿ ಎರಡು ಹಿಡಿ ತುಂಬಿ ಗಂಟು ಹಾಕಿದ್ದು.
ಮರಳಿನ ಮೂಲೆಯಲ್ಲಿ ಮಲಗಿಸಿದಳು.
ಒಂದು ತಿಂಗಳು ಇರಲಿ. ಹಳಬರು ಹೊಸಬರಿಗೆ
ಕೆಲಸ ಹೇಳಿಕೊಡಲಿ.

ತಟ್ಟೆಯ ಮೇಲೆ ನೀರು ಸುರಿ, ಮರಳು ಏಳದ ಹಾಗೆ.
ಹಳೆಯದಕ್ಕೆ ಹೊಸದು ಹನಿಹನಿಯಾಗಿ.
ಮುಕ್ಕಾಲು ಗಂಟೆ ನಾವು ಪೆಟ್ಟಿಗೆಗಳ ಮೇಲೆ ಕೂತು
ಕರಿಚಹಾ ಕುಡಿದೆವು, ಬಾಡಿಗೆ ಮೀಟರು ನಿಲ್ಲಿಸಿ.
ಮೀನು ಬಿಟ್ಟಳು. ದೀಪ ಹಾಕಲಿಲ್ಲ.
ಇವತ್ತು ಊಟವಿಲ್ಲ, ಅಂದಳು ಅವಕ್ಕೆ.

ಮೊಂಡುಮೀಸೆಯ ಒಂದು ತಳಕ್ಕಿಳಿದು ನಿಂತಿತು.
ನಂಬಿಕೆಯಿಲ್ಲದ ಹಾಗೆ.
ಮೂಗು ಊರಿತು.
ಕಣ್ಣವರೆಗೆ ಊರಿತು.
ಕಿವಿರಿನಿಂದ ಮರಳು ಹೊಗೆಯಂತೆ ಬಂತು.

ಇನ್ನೇನು ಮಾಡಬೇಕು? ಅಂದ ರಾದೆಕ್,
ಬೆಳಿಗ್ಗೆ ಏನು ಮಹಾ ಅಂದವನು.
ಈಗ ಏನೂ ಮಾಡಬಾರದು. ಅದೇ ಕಷ್ಟ.

ದುಡ್ಡು ಕೊಟ್ಟಳು. ಬಾಗಿಲ ಪಕ್ಕ
ಹಿಂದಿನವರು ಬಿಟ್ಟುಹೋದ ಮೊಳೆಯೊಂದಿತ್ತು, ಖಾಲಿ.
ಏಪ್ರನ್ನಿನ ಜೇಬಿನಿಂದ ಬಿಲ್ಲೆ ತೆಗೆದು ನೇತುಹಾಕಿದಳು,
ನೆಟ್ಟಗೆ ನಿಲ್ಲುವವರೆಗೆ ಬೆರಳಲ್ಲಿ ಹಿಡಿದು.

ಬಾಗಿಲು ಮೆಲ್ಲಗೆ ಹಾಕಿ, ಅಂದಳು.
ಬೆದರುತ್ತವೆ.